ಆಟಿಸಂ ಇರುವವರಿಗೆ ಜ್ವರ ಬಂದಾಗ

2016ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೌತ್‌ಮೀಡ್ ಆಸ್ಪತ್ರೆಗೆ ಆಲಿವರ್ ಮೆಕ್‌ಗೋವನ್ ಎಂಬ 18 ವರ್ಷದ ಹುಡುಗ ಫಿಟ್ಸ್ ಬಂದು ದಾಖಲಾದ. ಕೂಸಾಗಿದ್ದಾಗ ತಗುಲಿದ ಮೆನಿಂಜೈಟಿಸ್ ಅವನಿಗೆ ಫಿಟ್ಸ್ ಕಾಯಿಲೆಯನ್ನೂ ತುಸು ಸೆರೆಬ್ರಲ್ ಪಾಲ್ಸಿಯನ್ನೂ ಕಲಿಕೆಯ ತೊಡಕನ್ನೂ ಬಿಟ್ಟುಹೋಗಿತ್ತು. ಜೊತೆಗೆ ಆಟಿಸಂ ಇತ್ತು. ಇಷ್ಟೆಲ್ಲದರ ನಡುವೆಯೂ ಅವನು ಒಳ್ಳೆಯ ಓಟಗಾರ, ಫುಟ್‌ಬಾಲ್ ಆಟಗಾರ. ಹಿಂದೊಮ್ಮೆ ಆಸ್ಪತ್ರೆ ಸೇರಿದ್ದಾಗ ಆಂಟಿಸೈಕೋಟಿಕ್ ಗುಂಪಿನ ಔಷಧಗಳು ಒಗ್ಗದೆ ಅವನ ಸ್ಥಿತಿ ಕೆಟ್ಟಿತ್ತು. ಹಾಗಾಗಿ ಈ ಸಲ ಆ ಔಷಧ ಬೇಡವೆಂದು ಅವನೇ ಹೇಳಿದ. ಅಪ್ಪ ಅಮ್ಮ ಹೇಳಿದರು. ಅವನ ಜೊತೆ ಬಂದ ಕಾಗದಪತ್ರದಲ್ಲೂ ಅದು ಬರೆದಿತ್ತು.

ಆದರೂ ಅದೇ ಗುಂಪಿನ ಒಲಾಂಜಪೈನ್ ಕೊಟ್ಟರು. ಫಿಟ್ಸ್‌ನ ಬಳಲಿಕೆ, ಗುರುತಿಲ್ಲದ ಜಾಗ, ಗುರುತಿಲ್ಲದ ಕೈಗಳು, ಇವುಗಳ ಮಧ್ಯೆ ಅವನಲ್ಲಿ ಕಂಡ ಗಾಬರಿಯನ್ನು ಔಷಧದಿಂದ ತಗ್ಗಿಸಲು ಹೊರಟಿದ್ದರು. ಆಂಟಿಸೈಕೋಟಿಕ್‌ಗಳಿಗೆ ಅಪರೂಪಕ್ಕೆ ಕೆಲವರ ದೇಹ ಪ್ರಾಣಕ್ಕೇ ಎರವಾಗುವಂತೆ ಪ್ರತಿಕ್ರಿಯಿಸುತ್ತದೆ. ಜ್ವರ ನೆತ್ತಿಗೇರುತ್ತದೆ, ಸ್ನಾಯುಗಳು ಸೆಟೆದುಕೊಳ್ಳುತ್ತವೆ. ವೈದ್ಯರು ಇದನ್ನು ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಎನ್ನುತ್ತಾರೆ. ಆಲಿವರ್‌ಗೆ ಅದೇ ಆಯಿತು. ಮೆದುಳು ಊದಿಕೊಂಡಿತು. ನವೆಂಬರ್ 11ರಂದು ಅವನು ತೀರಿಕೊಂಡ.

2018ರಲ್ಲಿ ನಡೆದ ಮರಣ ವಿಚಾರಣೆ ಔಷಧ ಕೊಟ್ಟದ್ದು ಸರಿಯೆಂದೇ ಹೇಳಿತು. 2020ರ ಸ್ವತಂತ್ರ ಪರಿಶೀಲನಾ ವರದಿ ಈ ಸಾವನ್ನು ತಪ್ಪಿಸಲು ಸಾಧ್ಯವಿತ್ತೆಂದು ಹೇಳಿತು. ಆ ವೇಳೆಗಾಗಲೇ ಆಲಿವರ್‌ನ ತಾಯಿ ಪೌಲಾ ಮೆಕ್‌ಗೋವನ್ ಬೀದಿಗಿಳಿದಾಗಿತ್ತು. ವೈದ್ಯರಿಂದ ಹಿಡಿದು ಸ್ವಾಗತ ಮೇಜಿನಲ್ಲಿ ಕೂರುವವರವರೆಗೆ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಆಟಿಸಂ ಮತ್ತು ಕಲಿಕೆಯ ತೊಡಕಿನ ಬಗ್ಗೆ ಕಡ್ಡಾಯ ತರಬೇತಿ ಆಗಬೇಕೆಂಬುದು ಅವರ ಬೇಡಿಕೆ. 50,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದ ಅವರ ಮನವಿ ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚೆಗೆ ಬಂತು. 2022ರ ಆರೋಗ್ಯ ಮತ್ತು ಆರೈಕೆ ಕಾಯ್ದೆ ಆ ತರಬೇತಿಯನ್ನು ಇಂಗ್ಲೆಂಡಿನಲ್ಲಿ ಕಾನೂನಾಗಿಸಿತು. ಅದಕ್ಕೆ ಆಲಿವರ್‌ನ ಹೆಸರನ್ನೇ ಇಟ್ಟಿದ್ದಾರೆ.

ಈ ಪ್ರಕರಣವನ್ನು ಓದಿದಾಗಲೆಲ್ಲ ನನ್ನನ್ನು ಕಾಡುವುದು ಒಂದೇ ವಿಷಯ. ಅಲ್ಲಿ ವಿಜ್ಞಾನಕ್ಕೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಔಷಧದ ಅಪಾಯ ಪುಸ್ತಕದಲ್ಲಿತ್ತು, ಹುಡುಗನ ಹಿಂದಿನ ಅನುಭವ ಕಡತದಲ್ಲಿತ್ತು, ಬೇಡವೆಂಬ ಮಾತು ಅವನ ಬಾಯಲ್ಲೇ ಬಂದಿತ್ತು. ಆ ಮಾತಿಗೆ ತೂಕ ಸಿಗಲಿಲ್ಲ, ಅಷ್ಟೇ.

ನಮ್ಮಲ್ಲಿ ಆಟಿಸಂ ಎಂದರೆ ಮಾತು ಸಾಮಾನ್ಯವಾಗಿ ಗುರುತಿಸುವಿಕೆಯ ಬಳಿ ಬಂದು ನಿಲ್ಲುತ್ತದೆ. ಏಪ್ರಿಲ್ 2ರ ಆಟಿಸಂ ಜಾಗೃತಿ ದಿನದಂದು ಪತ್ರಿಕೆಗಳು ಬರೆಯುವುದೂ ಅದನ್ನೇ: ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಎರಡು ವರ್ಷವಾದರೂ ಮಾತಿಲ್ಲ. ಇವು ಬೇಕಾದ ತಿಳಿವಳಿಕೆಗಳೇ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಮಾತು ಬಾರದ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಬಿಡಿ’ ಎನ್ನುತ್ತಾರೆ. ಹಾಗೆ ಕಳೆದ ಎರಡು ಮೂರು ವರ್ಷ ಮಗುವಿನ ಕಲಿಕೆಗೆ ದೊಡ್ಡ ನಷ್ಟ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ಮಾಡುವ ಸಮಸ್ಯೆಗಳ ಪಟ್ಟಿಗೆ ಆಟಿಸಂ ಅನ್ನೂ ಸೇರಿಸಿಕೊಂಡಿದೆ. ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಕಟ್ಟಿದ ಕಾಂ ಡೀಲ್ ಟ್ರಸ್ಟ್ ಮೊದಲಾದ ಕಡೆ ಇದರ ಮೇಲೆ ದಶಕಗಳ ಕೆಲಸ ನಡೆದಿದೆ.

ಆದರೆ ಗುರುತು ಸಿಕ್ಕ ಮಗುವಿಗೂ ಜ್ವರ ಬರುತ್ತದೆ. ಹಲ್ಲು ನೋಯುತ್ತದೆ, ಕೈ ಮುರಿಯುತ್ತದೆ, ಅಪೆಂಡಿಕ್ಸ್ ಊದಿಕೊಳ್ಳುತ್ತದೆ. ಆ ಮಗು ಬೆಳೆದು ದೊಡ್ಡದಾಗುತ್ತದೆ. ಹೆಣ್ಣುಮಗಳಾದರೆ ಮುಟ್ಟಿನ ನೋವು, ನಲವತ್ತು ದಾಟಿದರೆ ಸಕ್ಕರೆ ಕಾಯಿಲೆ, ಬಿಪಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2021ರ ಹೊತ್ತಿಗೆ ಜಗತ್ತಿನ ಪ್ರತಿ 127 ಮಂದಿಯಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ತಾಲ್ಲೂಕು ಆಸ್ಪತ್ರೆಯ ಮೂಳೆ ಡಾಕ್ಟರು, ಊರಿನ ಹಲ್ಲಿನ ಡಾಕ್ಟರು, ರಾತ್ರಿ ಪಾಳಿಯ ಕ್ಯಾಶುವಾಲ್ಟಿ ಡಾಕ್ಟರು, ರಕ್ತ ತೆಗೆಯುವ ಲ್ಯಾಬ್ ಹುಡುಗ, ಇವರೆಲ್ಲರ ಮುಂದೆಯೂ ಆಟಿಸಂ ಇರುವ ರೋಗಿ ಬಂದೇ ಬರುತ್ತಾರೆ. ಮನೋವೈದ್ಯರಿಗೆ ಮತ್ತು ಮಕ್ಕಳ ತಜ್ಞರಿಗೆ ಮಾತ್ರ ಗೊತ್ತಿದ್ದರೆ ಸಾಲದು.

ಗೊತ್ತಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸುಳಿವು ಕೊಡುತ್ತದೆ. 27,000ಕ್ಕೂ ಹೆಚ್ಚು ಆಟಿಸಂ ಇರುವವರ ದಾಖಲೆಗಳನ್ನು ಅವರು ನೋಡಿದರು. ಆ ಅವಧಿಯಲ್ಲಿ ತೀರಿಕೊಂಡವರ ಸರಾಸರಿ ವಯಸ್ಸು ಸುಮಾರು 54. ಹೋಲಿಕೆಗೆ ತೆಗೆದುಕೊಂಡ ಇತರರದು 70. ಇದನ್ನು ಆಯುಸ್ಸಿನ ಲೆಕ್ಕವೆಂದು ಓದಬಾರದು, ಯಾವ ತಂದೆತಾಯಿಯೂ ಇದನ್ನು ನೋಡಿ ಎದೆಗುಂದಬೇಕಿಲ್ಲ. ಗಮನಿಸಬೇಕಾದ್ದು ಬೇರೆ. ಆತ್ಮಹತ್ಯೆ ಮತ್ತು ಫಿಟ್ಸ್ ಜೊತೆಗೆ ಹೃದಯ, ಶ್ವಾಸಕೋಶ, ಜೀರ್ಣಾಂಗದ ಕಾಯಿಲೆಗಳಿಂದಲೂ ಇವರಲ್ಲಿ ಸಾವು ಹೆಚ್ಚಿತ್ತು. ಆಟಿಸಂ ತಾನೇ ಹೃದಯವನ್ನು ನಿಲ್ಲಿಸುವುದಿಲ್ಲ. ಕಾಯಿಲೆ ಮತ್ತು ಚಿಕಿತ್ಸೆಯ ನಡುವೆ ಎಲ್ಲೋ ಏನೋ ತಪ್ಪಿಹೋಗುತ್ತಿದೆ.

ಎಲ್ಲವನ್ನೂ ಆಟಿಸಂ ಖಾತೆಗೆ ಬರೆದಾಗ

ತಪ್ಪಿಹೋಗುವ ಮೊದಲ ಜಾಗ ವೈದ್ಯರ ಯೋಚನೆಯೇ. ಹತ್ತು ವರ್ಷದ ಮಾತು ಬಾರದ ಹುಡುಗ ಒಂದು ವಾರದಿಂದ ಕೆನ್ನೆಗೆ, ಕಿವಿಗೆ ಹೊಡೆದುಕೊಳ್ಳುತ್ತಿದ್ದಾನೆ. ರಾತ್ರಿ ನಿದ್ದೆಯಿಲ್ಲ, ಊಟ ತಳ್ಳುತ್ತಾನೆ. ಅಮ್ಮ ಕರೆತರುತ್ತಾಳೆ. ‘ಆಟಿಸಂ ಮಕ್ಕಳು ಹೀಗೇ ಮಾಡೋದು ಕಣಮ್ಮ’ ಎಂದು ನಿದ್ದೆಗೊಂದು, ಸಿಟ್ಟಿಗೊಂದು ಔಷಧ ಬರೆದುಕೊಟ್ಟು ಕಳಿಸುತ್ತಾರೆ. ಯಾರೂ ಕಿವಿಯೊಳಗೆ ಬೆಳಕು ಬಿಟ್ಟು ನೋಡುವುದಿಲ್ಲ, ಹಿಂದಿನ ದವಡೆ ಹಲ್ಲು ನೋಡುವುದಿಲ್ಲ, ಹೊಟ್ಟೆ ಒತ್ತಿ ನೋಡುವುದಿಲ್ಲ. ಕಿವಿಯಲ್ಲಿ ಕೀವು ಇರಬಹುದು, ಹಲ್ಲಿನ ಬುಡ ಕೊಳೆತಿರಬಹುದು. ಇಂಥ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮಲಬದ್ಧತೆ ದಿನಗಟ್ಟಲೆ ಹಿಂಡುತ್ತಿರಬಹುದು. ಗುರುತಿಸಿಟ್ಟ ಒಂದು ಹಣೆಪಟ್ಟಿ ಮಿಕ್ಕ ಕಾಯಿಲೆಗಳನ್ನು ಮರೆಮಾಡುವ ಈ ಪ್ರವೃತ್ತಿ ವೈದ್ಯಕೀಯ ಲೋಕಕ್ಕೆ ಹೊಸದಲ್ಲ. ಆಟಿಸಂನಲ್ಲಿ ಅದು ವಿಪರೀತ, ಯಾಕೆಂದರೆ ರೋಗಿ ಎದುರು ಮಾತಾಡಿ ತಿದ್ದುವುದು ಕಷ್ಟ.

ಅನುಭವಿ ವೈದ್ಯರು ಇಲ್ಲಿ ಕೇಳುವ ಪ್ರಶ್ನೆ ಸರಳ: ಇದು ಯಾವಾಗಿನಿಂದ? ಹುಡುಗ ಹುಟ್ಟಿದಾಗಿನಿಂದ ಆಟಿಸಂನೊಂದಿಗೇ ಇದ್ದಾನೆ, ಹೊಡೆದುಕೊಳ್ಳುವುದು ಮಾತ್ರ ಕಳೆದ ಸೋಮವಾರದಿಂದ. ಹಾಗಾದರೆ ಸೋಮವಾರ ಆದದ್ದು ಆಟಿಸಂ ಅಲ್ಲ. ಇಷ್ಟು ಯೋಚನೆ ಸಾಕು, ಕೈ ತಾನಾಗಿ ಟಾರ್ಚಿನ ಕಡೆಗೆ ಹೋಗುತ್ತದೆ.

ನೋವಿನ ಬಗ್ಗೆ ಇನ್ನೊಂದು ಹಳೆಯ ತಪ್ಪು ನಂಬಿಕೆ ಇದೆ. ಇವರಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ ಎಂದು ಬಹುಕಾಲ ಪುಸ್ತಕಗಳಲ್ಲೇ ಬರೆದಿದ್ದರು. ಗೊತ್ತಾಗುತ್ತದೆ. ತೋರಿಸುವ ಬಗೆ ಬೇರೆ. ಮುರಿದ ಕೈ ಇಟ್ಟುಕೊಂಡು ಒಬ್ಬಳು ಸುಮ್ಮನೆ ನಡೆದಾಡುತ್ತಾಳೆ, ಇನ್ನೊಬ್ಬ ನಗುತ್ತಾನೆ, ಮತ್ತೊಬ್ಬ ಟಿವಿ ಜಾಹೀರಾತಿನ ಒಂದು ಸಾಲನ್ನು ಗಂಟೆಗಟ್ಟಲೆ ಹೇಳುತ್ತಾನೆ. ದೇಹದೊಳಗಿನ ಹಸಿವು, ಮೂತ್ರದ ಒತ್ತಡ, ಎದೆ ಹೊಡೆತಗಳನ್ನು ಗುರುತಿಸುವುದೇ ಕೆಲವರಿಗೆ ಕಷ್ಟ. ‘ಒಂದರಿಂದ ಹತ್ತರಲ್ಲಿ ಎಷ್ಟು ನೋವು?’ ಎಂದು ಕೇಳಿದರೆ ಚೆನ್ನಾಗಿ ಓದಿಕೊಂಡ ಆಟಿಸಂ ಇರುವ ಎಂಜಿನಿಯರ್ ಕೂಡ ತಬ್ಬಿಬ್ಬಾಗಬಹುದು. ನೋವಿನಿಂದಾಗಿ ಏನು ಮಾಡಲಾಗುತ್ತಿಲ್ಲ, ಮೆಟ್ಟಿಲು ಹತ್ತುವುದೋ, ಮಲಗುವುದೋ, ಹಾಗೆ ಕೇಳಿದರೆ ಉತ್ತರ ಸಿಗುತ್ತದೆ.

ಮಾತಿರುವ ಮಕ್ಕಳಲ್ಲೂ ಕೇಳುವ ಬಗೆ ಮುಖ್ಯ. ಆಟಿಸಂ ಇರುವ ಅನೇಕ ಮಕ್ಕಳು ಕೇಳಿದ ಮಾತನ್ನೇ ತಿರುಗಿ ಹೇಳುತ್ತಾರೆ. ‘ಹೊಟ್ಟೆ ನೋಯುತ್ತಾ, ಇಲ್ವಾ?’ ಎಂದರೆ ‘ಇಲ್ವಾ’ ಎನ್ನುತ್ತದೆ ಮಗು. ಡಾಕ್ಟರು ಇಲ್ಲವೆಂದು ಬರೆದುಕೊಳ್ಳುತ್ತಾರೆ. ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದರೆ ‘ನೋಯುತ್ತಾ’ ಎನ್ನುತ್ತಿತ್ತು. ಎರಡೂ ಉತ್ತರವಲ್ಲ, ಕೊನೆಯ ಮಾತಿನ ಪ್ರತಿಧ್ವನಿ. ಇನ್ನು ಕೆಲವು ಮಕ್ಕಳು ತಮಗೆ ಬಾಯಾರಿಕೆಯಾದಾಗ ‘ನಿನಗೆ ನೀರು ಬೇಕಾ?’ ಎನ್ನುತ್ತವೆ. ಅಮ್ಮ ಕೇಳುವ ಪ್ರಶ್ನೆಯೇ ಅವುಗಳ ಬಾಯಲ್ಲಿ ಬೇಡಿಕೆಯಾಗಿರುತ್ತದೆ. ಅಂಥ ಮಗು ಡಾಕ್ಟರ ಮುಂದೆ ‘ನಿನಗೆ ಕಿವಿ ನೋವಾ?’ ಎಂದರೆ ಅದು ತಾನು ಏನು ಅನುಭವಿಸುತ್ತಿದ್ದೇನೆಂದು ಸ್ಪಷ್ಟವಾಗಿಯೇ ಹೇಳಿದೆ. ಮನೆಯವರಿಗೆ ಇದು ಗೊತ್ತು. ಅವರನ್ನು ಒಂದು ನಿಮಿಷ ಕೇಳಿದರೆ ಡಾಕ್ಟರಿಗೂ ಗೊತ್ತಾಗುತ್ತದೆ.

ಹತ್ತು ಗಂಟೆಯ ಒಪಿಡಿ

ತಪ್ಪಿಹೋಗುವ ಎರಡನೆಯ ಜಾಗ ಆಸ್ಪತ್ರೆಯ ಕಟ್ಟಡ. ಯಾವುದೇ ಜಿಲ್ಲಾಸ್ಪತ್ರೆಯ ಒಪಿಡಿಯನ್ನು ಬೆಳಿಗ್ಗೆ ಹತ್ತು ಗಂಟೆಗೆ ನೆನೆಸಿಕೊಳ್ಳಿ. ಚೀಟಿ ಮಾಡಿಸುವ ಕೌಂಟರಿನ ಮುಂದೆ ನೂಕುನುಗ್ಗಲು. ಬೆಂಚಿನ ಮೇಲೆ ಮೈಗೆ ಮೈ ತಾಗಿಸಿ ಕೂತ ಜನ. ಮಿಣುಕುವ ಟ್ಯೂಬ್‌ಲೈಟು, ಫಿನಾಯಿಲ್ ಮತ್ತು ಸ್ಪಿರಿಟ್ ವಾಸನೆ, ಟೋಕನ್ ನಂಬರು ಕೂಗುವ ದನಿ, ಪಕ್ಕದ ಇಂಜೆಕ್ಷನ್ ರೂಮಿನಿಂದ ಮಗುವಿನ ಚೀರಾಟ. ಎಷ್ಟು ಹೊತ್ತು ಕಾಯಬೇಕೆಂದು ಯಾರಿಗೂ ಗೊತ್ತಿಲ್ಲ.

ನಮ್ಮಲ್ಲಿ ಬಹುಪಾಲು ಜನರ ಮೆದುಳು ಇದರಲ್ಲಿ ಬೇಡದ್ದನ್ನು ಸೋಸಿ ಹಿಂದಕ್ಕೆ ತಳ್ಳುತ್ತದೆ. ಆಟಿಸಂ ಇರುವ ಅನೇಕರಲ್ಲಿ ಆ ಸೋಸುವಿಕೆ ಹಾಗೆ ನಡೆಯುವುದಿಲ್ಲ. ಎಲ್ಲ ಸದ್ದು, ಎಲ್ಲ ಬೆಳಕು, ಎಲ್ಲ ವಾಸನೆ ಒಟ್ಟಿಗೇ ಒಂದೇ ಗಾತ್ರದಲ್ಲಿ ನುಗ್ಗುತ್ತವೆ. ಇಂದ್ರಿಯಗಳ ಈ ಅತಿಸೂಕ್ಷ್ಮತೆ, ಕೆಲವರಲ್ಲಿ ಅದರ ತದ್ವಿರುದ್ಧ, ಅಮೆರಿಕದ ಮನೋವೈದ್ಯಕೀಯ ಸಂಘದ ಡಿಎಸ್‌ಎಂ ಕೈಪಿಡಿಯಲ್ಲಿ ಆಟಿಸಂನ ಲಕ್ಷಣವಾಗಿ ಸೇರಿದ್ದು 2013ರಲ್ಲಿ, ಐದನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಎಂಬಿಬಿಎಸ್ ಮುಗಿಸಿದ ವೈದ್ಯರೆಷ್ಟೋ ಮಂದಿ ಇದನ್ನು ಓದಿಯೇ ಇಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಕಲಿಸಬೇಕು.

ಹೀಗೆ ಎರಡು ಗಂಟೆ ಕಾದ ಹುಡುಗನನ್ನು ಒಳಗೆ ಕರೆದು, ಹೇಳದೆ ಕೇಳದೆ ಎದೆಯ ಮೇಲೆ ತಣ್ಣನೆಯ ಸ್ಟೆತಾಸ್ಕೋಪ್ ಇಟ್ಟರೆ ಅವನು ಕಿರುಚಿ ನೆಲಕ್ಕೆ ಬೀಳುತ್ತಾನೆ. ‘ಗಟ್ಟಿಯಾಗಿ ಹಿಡ್ಕೊಳ್ಳಮ್ಮ’ ಎನ್ನುತ್ತಾರೆ ಸಿಸ್ಟರ್. ‘ಹಿಡ್ಕೊಂಡ್ರೆ ಜಾಸ್ತಿ ಆಗುತ್ತೆ ಸಿಸ್ಟರ್, ಒಂದೈದು ನಿಮಿಷ ಆಚೆ ಕರ್ಕೊಂಡು ಹೋಗಿ ಬರ್ತೀನಿ’ ಎನ್ನುತ್ತಾಳೆ ಅಮ್ಮ. ಹಿಂದಿರುವವರು ಗೊಣಗುತ್ತಾರೆ, ಮುದ್ದು ಮಾಡಿ ಕೆಡಿಸಿದ್ದಾಳೆ ಎಂದು. ಆ ತಾಯಿಗೆ ಆ ಕ್ಷಣದಲ್ಲಿ ಆಗುವ ಅವಮಾನವನ್ನು ಬಲ್ಲವರು ಬಲ್ಲರು. ಹಟ ಮಾಡುವ ಮಗು ನಡುವೆ ಕಣ್ಣು ತೆರೆದು ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತದೆ. ಮೆಲ್ಟ್‌ಡೌನ್ ಎಂದು ಈಗ ತಾಯಂದಿರೇ ಕರೆಯುವ ಈ ಸ್ಥಿತಿಯಲ್ಲಿರುವ ಮಗುವಿಗೆ ನೋಡುವವರ ಪರಿವೆ ಇರುವುದಿಲ್ಲ. ಅದು ತಡೆಯಲಾರದ ಮಟ್ಟ ಮುಟ್ಟಿದೆ, ಅಷ್ಟೆ. ಕೆಲವರು ಕಿರುಚುವುದೂ ಇಲ್ಲ, ಕಲ್ಲಾಗಿ ಕೂತುಬಿಡುತ್ತಾರೆ. ಅಂಥವರನ್ನು ‘ಸಹಕರಿಸಿದರು’ ಎಂದು ಬರೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ಸರ್ಕಾರಿ ವೈದ್ಯರಿಗೆ ಸಮಯವೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಲ್ಕು ಜನ ಅದುಮಿ ಹಿಡಿದು ರಕ್ತ ತೆಗೆಯಲು ಹೋಗಿ, ಸೂಜಿ ಜಾರಿ, ಮತ್ತೆ ಚುಚ್ಚಿ, ಕೊನೆಗೆ ಬೇರೆ ದಿನ ಬನ್ನಿ ಎಂದು ಕಳಿಸುವುದಕ್ಕೆ ಹಿಡಿಯುವ ಸಮಯವನ್ನೂ ಎಣಿಸಬೇಕು. ಆ ಒಂದು ದಿನದ ನೆನಪು ಮಗುವಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆಮೇಲೆ ಬಿಳಿ ಕೋಟು ಕಂಡರೇ ಓಡುತ್ತದೆ, ಮುಂದಿನ ಪ್ರತಿ ಚಿಕಿತ್ಸೆಗೂ ಅದರ ಬೆಲೆ ತೆರಬೇಕಾಗುತ್ತದೆ. ಚರ್ಮ ಮರಗಟ್ಟಿಸುವ ಕ್ರೀಮನ್ನು ಒಂದು ಗಂಟೆ ಮೊದಲು ಹಚ್ಚಿ, ಏನು ಮಾಡುತ್ತೇವೆಂದು ಚಿತ್ರ ತೋರಿಸಿ, ಮೊದಲು ಅಮ್ಮನ ಕೈಗೆ ಪಟ್ಟಿ ಬಿಗಿದು ತೋರಿಸಿದರೆ ಎಷ್ಟೋ ಮಕ್ಕಳು ಕೈ ಕೊಡುತ್ತವೆ.

ಆಟಿಸಂ ಇರುವ ವೈದ್ಯರೇ ಹೇಳಿದ್ದು

ಐರ್ಲೆಂಡಿನ ಮೇರಿ ಡೊಹರ್ಟಿ ಅರಿವಳಿಕೆ ತಜ್ಞೆ. ತಮ್ಮ ಮಗುವಿಗೆ ಆಟಿಸಂ ಇದೆಯೆಂದು ತಿಳಿದ ಮೇಲೆ ತಮಗೂ ಅದಿರುವುದನ್ನು ಕಂಡುಕೊಂಡವರು. 2019ರಲ್ಲಿ ಆಟಿಸಂ ಇರುವ ವೈದ್ಯರ ಅಂತರರಾಷ್ಟ್ರೀಯ ಬಳಗವೊಂದನ್ನು ಕಟ್ಟಿದರು. ಅವರೂ ಸಹೋದ್ಯೋಗಿಗಳೂ ಸೇರಿ 2022ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆ ಕಣ್ಣು ತೆರೆಸುವಂಥದ್ದು. ಆಟಿಸಂ ಇರುವ 507 ವಯಸ್ಕರಲ್ಲಿ ಶೇ 80ರಷ್ಟು ಮಂದಿ ಕುಟುಂಬ ವೈದ್ಯರ ಬಳಿ ಹೋಗುವುದೇ ಕಷ್ಟ ಎಂದರು. ಆಟಿಸಂ ಇಲ್ಲದವರಲ್ಲಿ ಹಾಗೆ ಹೇಳಿದವರು ಶೇ 37. ಕಾರಣಗಳನ್ನು ಕೇಳಿದರೆ, ಈ ಲಕ್ಷಣಕ್ಕೆ ಡಾಕ್ಟರ ಬಳಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲಾಗದು ಎಂದವರು ಶೇ 72. ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳುವುದೇ ಕಷ್ಟ ಎಂದವರು ಶೇ 62. ತಮ್ಮನ್ನು ಡಾಕ್ಟರು ಅರ್ಥ ಮಾಡಿಕೊಳ್ಳುವುದಿಲ್ಲ ಎಂದವರು ಶೇ 56. ಇವರು ಮಾತು ಬಲ್ಲವರು, ಸಮೀಕ್ಷೆಯ ಅರ್ಜಿ ತುಂಬಬಲ್ಲವರು. ಮಾತಿಲ್ಲದವರ ಪಾಡು ಊಹಿಸಬಹುದು.

ಇಂಥ ಅನುಭವಗಳಿಂದ ಡೊಹರ್ಟಿ ಬಳಗ ವೈದ್ಯರಿಗಾಗಿ ಒಂದು ಚೌಕಟ್ಟು ರೂಪಿಸಿತು. ಅದರಲ್ಲಿ ಐದು ಸಂಗತಿಗಳಿವೆ: ಇಂದ್ರಿಯಗಳ ಅಗತ್ಯ, ಮುಂದೇನೆಂಬ ಖಚಿತತೆ, ಇರುವ ಹಾಗೆ ಒಪ್ಪಿಕೊಳ್ಳುವುದು, ಸಂವಹನ ಮತ್ತು ಸಹಾನುಭೂತಿ. ಐದರಲ್ಲಿ ನನಗೆ ಅತಿ ಮುಖ್ಯವೆನಿಸುವುದು ಖಚಿತತೆ, ಯಾಕೆಂದರೆ ಅದಕ್ಕೆ ಕಾಸು ಖರ್ಚಿಲ್ಲ. ‘ಈಗ ನಾನು ಮೂರು ಕೆಲಸ ಮಾಡ್ತೀನಿ. ಎದೆ ಕೇಳ್ತೀನಿ, ಬಾಯಿ ನೋಡ್ತೀನಿ, ಹೊಟ್ಟೆ ಮುಟ್ತೀನಿ. ಆಮೇಲೆ ಮನೆಗೆ’ ಎಂದು ಮೊದಲೇ ಹೇಳಿ, ಹೇಳಿದಷ್ಟೇ ಮಾಡುವುದು. ನಾಲ್ಕನೆಯದನ್ನು ಸೇರಿಸಬಾರದು. ‘ನೋಯಲ್ಲ’ ಎಂದು ಸುಳ್ಳು ಹೇಳಬಾರದು. ಇಂಥವರು ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ, ಒಮ್ಮೆ ಮುರಿದ ನಂಬಿಕೆ ಮತ್ತೆ ಕೂಡುವುದು ಕಷ್ಟ. ಆಸ್ಪತ್ರೆಯ ಗೇಟು, ಕಾಯುವ ಜಾಗ, ಡಾಕ್ಟರ ಕೋಣೆಯ ಫೋಟೊಗಳನ್ನು ಹಿಂದಿನ ದಿನ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಮನೆಯಲ್ಲೇ ಅರ್ಧ ತಯಾರಿ ಮುಗಿಯುತ್ತದೆ. ದಿನದ ಮೊದಲ ಟೋಕನ್ ಕೊಟ್ಟರೆ, ಇಲ್ಲವೇ ಹೊರಗೆ ಮರದ ಕೆಳಗೆ ಕಾಯಲು ಬಿಟ್ಟು ಸರದಿ ಬಂದಾಗ ಫೋನ್ ಮಾಡಿದರೆ, ಗಲಾಟೆಯ ದೊಡ್ಡ ಪಾಲು ಹುಟ್ಟುವುದೇ ಇಲ್ಲ.

ಒಪ್ಪಿಕೊಳ್ಳುವುದೆಂದರೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡು ಎಂದು ಗದರದಿರುವುದು, ಕೈ ಬೀಸುತ್ತಿದ್ದರೆ ಬೀಸಲು ಬಿಡುವುದು, ಕಿವಿಗೆ ಹೆಡ್‌ಫೋನ್ ಇದ್ದರೆ ತೆಗೆಸದಿರುವುದು. ಬ್ರಿಟನ್ನಿನ ಸಮಾಜವಿಜ್ಞಾನಿ, ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲೇ ಒಂದು ಮಾತು ಮುಂದಿಟ್ಟಿದ್ದರು. ಆಟಿಸಂ ಇರುವವರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲ ಎನ್ನುತ್ತೀರಿ, ಇತರರಿಗೆ ಇವರ ಮನಸ್ಸು ಎಷ್ಟು ಅರ್ಥವಾಗಿದೆ ಎಂಬುದು ಅವರ ವಾದದ ತಿರುಳು. ಕೊರತೆ ಎರಡೂ ಕಡೆಯದು. ವೈದ್ಯರ ಕೋಣೆಯಲ್ಲಿ ಅದನ್ನು ತುಂಬುವ ಹೊಣೆ ಮಾತ್ರ ಬಿಳಿ ಕೋಟಿನವರದೇ.

ಔಷಧದ ವಿಷಯದಲ್ಲೂ ಒಂದು ಮಾತು ಹೇಳಲೇಬೇಕು. ಆಟಿಸಂ ಅನ್ನೇ ವಾಸಿಮಾಡುವ ಔಷಧ ಇಲ್ಲ. ರಿಸ್ಪೆರಿಡೋನ್ ಮತ್ತು ಅರಿಪಿಪ್ರಜೋಲ್‌ಗೆ ಅಮೆರಿಕದ ಔಷಧ ನಿಯಂತ್ರಕರು 2006 ಮತ್ತು 2009ರಲ್ಲಿ ಅನುಮತಿ ಕೊಟ್ಟಿದ್ದು ತೀವ್ರ ಕಿರಿಕಿರಿ, ಆಕ್ರಮಣಶೀಲತೆಗೆ ಮಾತ್ರ. ಕೆಲವು ಮಕ್ಕಳಿಗೆ ಅವು ನಿಜಕ್ಕೂ ನೆರವಾಗುತ್ತವೆ. ಕೊಡುತ್ತಿರುವ ಔಷಧವನ್ನು ಮನೆಯವರು ತಾವಾಗಿ ನಿಲ್ಲಿಸಬಾರದು. ಆದರೆ ಕಿವಿನೋವಿಗೆ ರಿಸ್ಪೆರಿಡೋನ್ ಮದ್ದಲ್ಲ. ತೂಕ, ಸಕ್ಕರೆ ಪ್ರಮಾಣ ನೋಡದೆ ಅದನ್ನು ವರ್ಷಗಟ್ಟಲೆ ಮುಂದುವರಿಸುವುದೂ ಸರಿಯಲ್ಲ. ಇನ್ನು ಲಕ್ಷಗಟ್ಟಲೆ ಹಣ ಕೀಳುವ ಸ್ಟೆಮ್ ಸೆಲ್ ‘ಚಿಕಿತ್ಸೆ’. ಆಟಿಸಂಗೆ ಇದನ್ನು ಬಳಸುವುದಕ್ಕೆ ಶಿಫಾರಸಿಲ್ಲ, ಬಳಸಿದರೆ ವೃತ್ತಿಪರ ದುರ್ನಡತೆ ಎಂಬ ನಿಲುವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿ 2022ರಲ್ಲೇ ತಿಳಿಸಿದೆ. ಹೊಲ ಮಾರಿ ಹಣ ಹೊಂದಿಸಲು ಹೊರಟ ತಂದೆತಾಯಿಗೆ ಈ ಮಾತನ್ನು ಊರಿನ ಡಾಕ್ಟರೇ ಮೊದಲು ಹೇಳಬೇಕು.

ಹದಿನೆಂಟರ ಹೊಸ್ತಿಲು

ಮಕ್ಕಳ ವಾರ್ಡಿನಲ್ಲಿ ಹತ್ತಾರು ವರ್ಷ ಕಂಡ ಮುಖಗಳು 18 ತುಂಬಿದ ದಿನ ಕಳೆದುಹೋಗುತ್ತವೆ. ಇಂಗ್ಲೆಂಡಿನಲ್ಲಿ ಇದು ದೊಡ್ಡ ಸಮಸ್ಯೆ, ನಮ್ಮಲ್ಲೂ ಹಾಗೇ. ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18ಕ್ಕೆ ಮುಗಿಯುತ್ತದೆ. ಆಟಿಸಂ ಅನ್ನು ಬಾಲ್ಯದ ಕಾಯಿಲೆಯೆಂದೇ ಓದಿದ ಜನರಲ್ ಮೆಡಿಸಿನ್ ವೈದ್ಯರ ಮುಂದೆ ಆರಡಿ ಎತ್ತರದ ಯುವಕ ನಿಂತಾಗ ಅವರಿಗೆ ಕಾಣುವುದು ಹುಚ್ಚು, ಇಲ್ಲವೇ ಉದ್ಧಟತನ. ಅದೇ ಯುವಕ ಏಳು ವರ್ಷದವನಾಗಿ ಕಿರುಚಿದ್ದರೆ ಯಾರಾದರೂ ಬಿಸ್ಕತ್ತು ಕೊಡುತ್ತಿದ್ದರು. ಈಗ ಸೆಕ್ಯುರಿಟಿಯವರನ್ನು ಕರೆಯುತ್ತಾರೆ. ಸಹಿ ಯಾರು ಹಾಕಬೇಕು, ಒಪ್ಪಿಗೆ ಯಾರದು ಎಂಬ ಗೊಂದಲ ಬೇರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪೋಷಕರು 18ರ ಬಳಿಕ ಕಾನೂನುಬದ್ಧ ಪಾಲಕತ್ವ ಪಡೆಯಬಹುದು. ಅದೇ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಇದೆ. ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಕೂತವರಿಗೆ ಇವೆರಡೂ ಗೊತ್ತಿರಬೇಕಾದ ಹೆಸರುಗಳು.

ಕಲಿಸುವವರು ಯಾರು

ಆಟಿಸಂ ಕುರಿತು ವೈದ್ಯಕೀಯ ಲೋಕ ಕಲಿತದ್ದರ ಇತಿಹಾಸ ನೋಡಿದರೆ ಒಂದು ಎಳೆ ಎದ್ದು ಕಾಣುತ್ತದೆ. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಆಟಿಸಂಗೆ ವೈದ್ಯಕೀಯದಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿತು. ಆಮೇಲಿನ ಎರಡು ದಶಕಗಳಲ್ಲಿ, ತಾಯಂದಿರ ತಣ್ಣನೆಯ ಮನಸ್ಸೇ ಇದಕ್ಕೆ ಕಾರಣವೆಂಬ ಕ್ರೂರ ಸಿದ್ಧಾಂತ ಬೆಳೆಯಿತು. ಅದನ್ನು 1964ರಲ್ಲಿ ಪುಸ್ತಕ ಬರೆದು ಒಡೆದವರು ಬರ್ನಾರ್ಡ್ ರಿಮ್ಲಂಡ್, ಮನೋವಿಜ್ಞಾನಿ, ಆಟಿಸಂ ಇರುವ ಮಗನ ತಂದೆ. ಆಟಿಸಂ ಒಂದು ವಿಶಾಲ ವರ್ಣಪಟಲವೆಂದು ತೋರಿಸಿದ ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಆಟಿಸಂ ಇರುವ ಮಗಳ ತಾಯಿ. ನಮ್ಮಲ್ಲಿ ದೆಹಲಿಯ ‘ಆ್ಯಕ್ಷನ್ ಫಾರ್ ಆಟಿಸಂ’ ಕಟ್ಟಿದ ಮೆರ್ರಿ ಬರುವಾ ಕೂಡ ತಾಯಿಯೇ. ಪ್ರತಿ ಸಲ ತಿದ್ದುಪಡಿ ಬಂದದ್ದು ಮನೆಯಿಂದ. ಈಗ ಡೊಹರ್ಟಿ, ಮಿಲ್ಟನ್ ಅವರಂಥವರು ತಮ್ಮ ಬಾಯಿಂದಲೇ ಹೇಳುತ್ತಿದ್ದಾರೆ.

ಆಲಿವರ್ ಹೆಸರಿನ ತರಬೇತಿಯಲ್ಲಿ ನನಗೆ ಹಿಡಿಸಿದ್ದೂ ಇದೇ. ಅದರಲ್ಲಿ ಎರಡು ಹಂತಗಳಿವೆ. ಎಲ್ಲರಿಗೂ ಮೊದಲು ಸುಮಾರು ಒಂದೂವರೆ ಗಂಟೆಯ ಆನ್‌ಲೈನ್ ಪಾಠ. ರೋಗಿಗಳೊಂದಿಗೆ ಹೆಚ್ಚು ಸಂಬಂಧವಿಲ್ಲದವರಿಗೆ ಅದರ ಮೇಲೆ ಒಂದು ಗಂಟೆಯ ಸಂವಾದ. ನೇರವಾಗಿ ಚಿಕಿತ್ಸೆ, ಆರೈಕೆ ಮಾಡುವವರಿಗೆ ಒಂದು ಇಡೀ ದಿನದ ಮುಖಾಮುಖಿ ತರಗತಿ. ಆ ತರಗತಿಯಲ್ಲಿ ಪಾಠ ಮಾಡುವವರ ಜೊತೆ ಆಟಿಸಂ ಇರುವ ಒಬ್ಬರು, ಕಲಿಕೆಯ ತೊಡಕಿರುವ ಒಬ್ಬರು ಬೋಧಕರಾಗಿ ನಿಲ್ಲುತ್ತಾರೆ. ಉದಾಹರಣೆಯಾಗಿ ತೋರಿಸಲು ಕರೆತಂದವರಲ್ಲ, ಕಲಿಸುವವರು. ಅದುವರೆಗೆ ಹಾಸಿಗೆಯ ಮೇಲಷ್ಟೇ ಇಂಥವರನ್ನು ಕಂಡ ವೈದ್ಯ ಆ ದಿನ ಅವರ ಮುಂದೆ ಬೆಂಚಿನಲ್ಲಿ ಕೂರುತ್ತಾನೆ.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಆಲಿವರ್ ತೀರಿಕೊಂಡ ಮರುತಿಂಗಳೇ, 2016ರ ಡಿಸೆಂಬರಿನಲ್ಲಿ, ಭಾರತದ ಸಂಸತ್ತು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. ಅದರ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. 25ನೇ ಕಲಂ ಆಸ್ಪತ್ರೆಗಳಲ್ಲಿ ಸರದಿಯಲ್ಲೂ ಚಿಕಿತ್ಸೆಯಲ್ಲೂ ಆದ್ಯತೆ ಕೊಡಬೇಕೆನ್ನುತ್ತದೆ. ಅಂದರೆ ಮೊದಲ ಟೋಕನ್ ಕೇಳುವ ತಾಯಿ ಉಪಕಾರ ಕೇಳುತ್ತಿಲ್ಲ, ಹಕ್ಕು ಕೇಳುತ್ತಿದ್ದಾಳೆ. 47ನೇ ಕಲಂ ವೈದ್ಯರು, ದಾದಿಯರು, ಅರೆವೈದ್ಯಕೀಯ ಸಿಬ್ಬಂದಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಶಿಕ್ಷಣದಲ್ಲಿ ವೈಕಲ್ಯದ ವಿಷಯ ಸೇರಬೇಕೆಂದು ಹೇಳುತ್ತದೆ. 2019ರಲ್ಲಿ ಎಂಬಿಬಿಎಸ್‌ನ ಆರಂಭಿಕ ಕೋರ್ಸಿಗೆ ವೈಕಲ್ಯ ಕುರಿತ ಪಾಠ ಸೇರಿದ್ದು ಹೋರಾಟದ ಫಲವೇ. ಆದರೆ ಮೊದಲ ವರ್ಷದ ಆ ಕೆಲವು ಗಂಟೆಗಳು, ಐದು ವರ್ಷ ಕಳೆದು ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿ ನಿಂತಾಗ ಎಷ್ಟು ನೆನಪಿರುತ್ತವೆ?

ದಾರಿಯೂ ನಮ್ಮಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಅಲ್ಪಾವಧಿ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗಳ ಚಿಕಿತ್ಸೆ ಹಳ್ಳಿಯಲ್ಲೇ ಸಾಧ್ಯವೆಂದು ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಮಾದರಿಯ ಮೇಲೆ. ಇಂದು ಅದೇ ನಿಮ್ಹಾನ್ಸ್ ದೂರದ ಊರುಗಳ ವೈದ್ಯರಿಗೆ ವಿಡಿಯೊ ಮೂಲಕ ತರಬೇತಿ ಕೊಡುತ್ತಿದೆ. ಬೀದರಿನ, ಚಾಮರಾಜನಗರದ, ಕಾರವಾರದ ವೈದ್ಯರು ದಾದಿಯರು ಕೂತು ಕೇಳುವ ಇಂಥ ಒಂದು ತರಗತಿಯಲ್ಲಿ ತಜ್ಞರ ಪಕ್ಕದಲ್ಲಿ ಆಟಿಸಂ ಇರುವ ಯುವತಿಯೊಬ್ಬಳು ಕೂತು, ಕನ್ನಡದಲ್ಲಿ, ಬೇಕಾದರೆ ಟ್ಯಾಬ್‌ನಲ್ಲಿ ಟೈಪ್ ಮಾಡಿ, ಸೂಜಿಯೆಂದರೆ ತನಗೆ ಏನಾಗುತ್ತದೆಂದು ಹೇಳಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.

ಅವಳಿಗೆ ಹಾರ ಹಾಕಿ ಕಳಿಸುವ ಕಾರ್ಯಕ್ರಮವಾಗಬಾರದು. ಇಂಗ್ಲೆಂಡಿನಲ್ಲಿ ಅದು ಸಂಬಳದ ಕೆಲಸ. ಇಲ್ಲೂ ಆ ಯುವತಿಯ ಹೆಸರು ಬೋಧಕರ ಪಟ್ಟಿಯಲ್ಲಿರಬೇಕು. ತಜ್ಞರಿಗೆ ಕೊಡುವ ಗೌರವಧನವನ್ನೇ ಅವಳಿಗೂ ಕೊಡಬೇಕು. ಆರೋಗ್ಯ ಇಲಾಖೆಯ ವಾರ್ಷಿಕ ತರಬೇತಿ ಬಜೆಟ್ಟಿನಲ್ಲಿ ಅದಕ್ಕೆ ಪ್ರತ್ಯೇಕ ಬಾಬತ್ತು ತೆರೆಯಬೇಕು.